ಅಮಲಿನೊಡನೆ ಕಡಲಿಗಿಳಿಯುವವನು ಮತ್ತು ಸುಮ್ಮನಿರುವ ಸಂಗಾತಿ

ಕಳೆದ ಚಳಿಗಾಲದ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಸವಣೂರಿನ ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದಾಗ ಅಣ್ಣನ ಮಗ ಬಂದು ಎದುರಿಗೆ ನಿಂತನು. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. "ಚಾಚಾ, ಒಬ್ಬ ಗೆಳೆಯನ ಐಬನ್ನು ನಾನು ನಾಲ್ಕು ಜನರೆದುರು ಹೊರಗೆ ಹಾಕಿಬಿಟ್ಟೆ. ಅದು ಗುನಾಹ್ ಆಯಿತೇ?" ಎಂದು ಕೇಳಿದನು.

ನಡೆದದ್ದು ಇಷ್ಟು. ಹಾನಗಲ್ಲಿನ ಇಬ್ಬರು, ಶಿಗ್ಗಾಂವಿಯ ಇಬ್ಬರು, ಹಿರೇಕೆರೂರಿನ ಒಬ್ಬ ಮತ್ತು ಇವನು, ಒಟ್ಟು ಆರು ಮಂದಿ ಕಾಲೇಜು ಗೆಳೆಯರು ಶಿರಸಿ, ಕುಮಟಾ ದಾರಿಯಾಗಿ ಮುರ್ಡೇಶ್ವರಕ್ಕೆ ಹೋಗಿದ್ದರು. ಮರುದಿನ ಬೆಳಿಗ್ಗೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವುದೆಂದು ತಿಂಗಳ ಹಿಂದೆಯೇ ಹಣ ಕಟ್ಟಿದ್ದರು. ಆ ರಾತ್ರಿ ಅವರಲ್ಲೊಬ್ಬನು ಪಕ್ಕದ ಕೋಣೆಯ ಪರಿಚಿತರೊಂದಿಗೆ ಕುಳಿತು ನಡುರಾತ್ರಿ ದಾಟುವವರೆಗೂ ಕುಡಿದನು. ಬೆಳಿಗ್ಗೆ ದೋಣಿ ಹತ್ತುವ ಮುನ್ನ ಕೊಟ್ಟ ಆರೋಗ್ಯದ ಅರ್ಜಿಯಲ್ಲಿ ಮದ್ಯದ ಕುರಿತು ಕೇಳಿದ್ದ ಪ್ರಶ್ನೆಗೆ 'ಇಲ್ಲ' ಎಂದು ಬರೆದು ಸಹಿ ಹಾಕಿದನು. ಉಳಿದ ಐವರೂ ನೋಡಿದರು. ಯಾರೂ ಮಾತನಾಡಲಿಲ್ಲ. ದೋಣಿಯಲ್ಲಿ ಅವನಿಗೆ ವಾಂತಿ ಶುರುವಾಯಿತು. ತರಬೇತುದಾರನು ಅದನ್ನು ಕಡಲ ಪ್ರಯಾಣದ ವಾಕರಿಕೆಯೆಂದು ತಿಳಿದು ಮಾತ್ರೆ ಕೊಡಲು ಹೊರಟಾಗ ನನ್ನ ಅಣ್ಣನ ಮಗ ತಡೆಯಲಾಗದೆ, "ಸಾರ್, ಅವನು ರಾತ್ರಿ ಕುಡಿದಿದ್ದಾನೆ" ಎಂದುಬಿಟ್ಟನು. ಆ ಹುಡುಗನನ್ನು ನೀರಿಗಿಳಿಸಲಿಲ್ಲ. ಹಿಂದಿರುಗಿ ಎರಡು ತಿಂಗಳಾದರೂ ಅವನು ಇವನೊಡನೆ ಮಾತು ಬಿಟ್ಟಿದ್ದಾನೆ. ಗುಂಪಿನ ಉಳಿದವರೂ, "ದೋಣಿಯಲ್ಲಿ ಬೇರೆಯವರೆದುರು ನಮ್ಮ ಹುಡುಗನ ಮಾನ ಕಳೆದೆ, ಅದೂ ಒಬ್ಬ ಮುಸ್ಲಿಮನ ಮಾನ" ಎಂದು ಇವನನ್ನೇ ದೂರುತ್ತಿದ್ದಾರೆ.

ಅಂದು ನಾನು ಅವನಿಗೆ ಹೇಳಿದ್ದನ್ನೂ ಅನಂತರ ಓದಿ, ತಿಳಿದವರನ್ನು ಕೇಳಿ ಅರಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಆಕ್ಷೇಪಣೆ. ಮದ್ಯವೇ ಹರಾಮ್ ಆಗಿರುವಾಗ, ಕುಡಿದು ಸಮುದ್ರಕ್ಕೆ ಇಳಿಯಬಹುದೇ, ಎಷ್ಟು ಹೊತ್ತು ಬಿಟ್ಟು ಇಳಿಯಬಹುದು ಎಂಬ ಚರ್ಚೆ ನಮ್ಮ ಪುಟಗಳಲ್ಲಿ ಏಕೆ ಬೇಕು ಎಂದು ಹಿರಿಯರು ಕೇಳಬಹುದು. ಕೇಳಿಯೂ ಇದ್ದಾರೆ. ಮದ್ಯದ ವಿಷಯದಲ್ಲಿ ನಮಗೆ ಯಾವ ಸಂಶಯವೂ ಇಲ್ಲ. ಅಲ್ ಬಕರದ 219ನೇ ವಚನದಲ್ಲಿ ಅದರ ಕೆಡುಕು ಅದರ ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸಲಾಯಿತು. ಅನ್ನಿಸಾದ 43ನೇ ವಚನದಲ್ಲಿ ಅಮಲಿನಲ್ಲಿ ನಮಾಝಿನ ಬಳಿಗೆ ಬರಬಾರದೆಂದು ವಿಧಿಸಲಾಯಿತು. ಅಲ್ ಮಾಇದದ 90 ಮತ್ತು 91ನೇ ವಚನಗಳಲ್ಲಿ ಅದನ್ನು ಪೂರ್ಣವಾಗಿ ತೊರೆಯುವಂತೆ ಆಜ್ಞಾಪಿಸಲಾಯಿತು. ಕುಡಿಯುವ ವಿಷಯದಲ್ಲಿ ಅಲ್ಲಿಗೆ ಮಾತು ಮುಗಿಯಿತು. ಆದರೆ ಕುಡಿದವನ ಪಕ್ಕದಲ್ಲಿ ನಿಂತಿರುವವನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಗಲ್ಫ್ ರಾಷ್ಟ್ರಗಳಲ್ಲಿ ಎಲ್ಲ ಧರ್ಮದ ಸಹೋದ್ಯೋಗಿಗಳೊಡನೆ ಪ್ರವಾಸ ಹೋಗುತ್ತಾರೆ. ನಮ್ಮ ಹುಡುಗರಲ್ಲಿಯೂ ಗುಟ್ಟಾಗಿ ಕುಡಿಯುವವರು ಇದ್ದಾರೆ ಎಂಬುದು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪ್ರತಿಯೊಂದು ಜಮಾಅತಿನ ಹಿರಿಯರಿಗೂ ಗೊತ್ತು. ಇಲ್ಲವೆಂದು ನಟಿಸುವುದರಿಂದ ಯಾವ ಹುಡುಗನೂ ಕುಡಿಯುವುದನ್ನು ಬಿಟ್ಟಿಲ್ಲ. ಸತ್ಯ ಹೇಳುವುದನ್ನು ಮಾತ್ರ ಬಿಟ್ಟಿದ್ದಾನೆ.

ಇನ್ನು ನೀರಿನ ವಿಷಯಕ್ಕೆ ಬರೋಣ.

ನೇತ್ರಾಣಿಯು ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬಿ ಸಮುದ್ರದಲ್ಲಿರುವ ಜನವಸತಿಯಿಲ್ಲದ ಕಲ್ಲಿನ ದ್ವೀಪ. ಪಾರಿವಾಳ ದ್ವೀಪವೆಂದೂ ಅದನ್ನು ಕರೆಯುವುದುಂಟು. ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಅಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಕಾಣಸಿಗುತ್ತವೆ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಜನರಿಗೆ ಮೊದಲು ನೆನಪಾಗುವ ಸ್ಥಳವೇ ಅದು. ಈಜು ಬಾರದವರೂ ತರಬೇತುದಾರನ ಕೈಹಿಡಿದು ಇಳಿಯುವುದುಂಟು. ಇಂಥ ಮೊದಲ ಪ್ರಯತ್ನದ ಡೈವಿಂಗಿಗೆ ಅಂತಾರಾಷ್ಟ್ರೀಯ ತರಬೇತಿ ಸಂಸ್ಥೆಗಳು ಇಟ್ಟಿರುವ ಮಿತಿ 12 ಮೀಟರ್. ಮೂರು ಮಹಡಿಯ ಮನೆಯಷ್ಟು ಆಳವೆನ್ನಿ. 'ಅಷ್ಟೇ ತಾನೇ' ಎನ್ನಿಸುತ್ತದೆ. ಮೋಸ ಇರುವುದು ಅಲ್ಲಿಯೇ.

ನೆಲದ ಮೇಲೆ ನಮ್ಮನ್ನು ಒತ್ತುತ್ತಿರುವ ಗಾಳಿಯ ಒತ್ತಡದಷ್ಟೇ ಒತ್ತಡವನ್ನು ಪ್ರತಿ 10 ಮೀಟರ್ ನೀರು ಹೊಸದಾಗಿ ಸೇರಿಸುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ತುಂಬಿಕೊಂಡ ಒಂದು ಉಸಿರನ್ನು ಹಿಡಿದಿಟ್ಟುಕೊಂಡೇ ಮೇಲಕ್ಕೆ ಚಿಮ್ಮಿದರೆ, ಮೇಲ್ಮೈಗೆ ಬರುವಾಗ ಆ ಗಾಳಿ ಎರಡು ಪಟ್ಟು ಹಿಗ್ಗಬೇಕಾಗುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ. ಅದು ಹರಿದರೆ ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿಗೂ ಹೋಗಬಲ್ಲವು. ಎರಡು ಮೀಟರಿಗಿಂತ ಕಡಿಮೆ ಆಳದಿಂದಲೂ ಇದು ಸಂಭವಿಸಬಹುದು. ಆದ್ದರಿಂದಲೇ ಸ್ಕೂಬಾದ ಮೊದಲ ಪಾಠ, ಉಸಿರನ್ನು ಎಂದಿಗೂ ಕಟ್ಟಬೇಡ, ಮೇಲಕ್ಕೆ ನಿಧಾನವಾಗಿ ಬಾ ಎಂಬುದು. ಗಾಬರಿಯಾದಾಗ ಮನುಷ್ಯನ ಸ್ವಭಾವ ಇದಕ್ಕೆ ನೇರ ವಿರುದ್ಧ. ಉಸಿರು ಕಟ್ಟಿ ಮೇಲಕ್ಕೆ ಓಡು ಎನ್ನುತ್ತದೆ ಅದು. ಆ ಕ್ಷಣದಲ್ಲಿ ಸ್ವಭಾವವನ್ನು ತಡೆದು ಪಾಠವನ್ನು ನೆನಪಿಗೆ ತರಬೇಕಾದದ್ದು ಬುದ್ಧಿ. ಮದ್ಯವು ಮೊದಲು ಮಂಕಾಗಿಸುವುದು ಅದನ್ನೇ. ಬುದ್ಧಿಯನ್ನು ಮುಚ್ಚುವುದೇ ಖಮ್ರ್ ಎಂದು ಹಝ್ರತ್ ಉಮರ್(ರ) ಮಿಂಬರಿನ ಮೇಲೆ ನಿಂತು ವಿವರಿಸಿದ್ದನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ.

ಅನ್ನಿಸಾದ ಆ ವಚನವನ್ನು ಇಲ್ಲಿ ಇನ್ನೊಮ್ಮೆ ನೆನೆಯಬೇಕೆನಿಸುತ್ತದೆ. ಅಮಲಿನಲ್ಲಿ ನಮಾಝಿಗೆ ನಿಲ್ಲಬಾರದೆಂಬುದಕ್ಕೆ ಅಲ್ಲಿ ನೀಡಿರುವ ಕಾರಣ, ತಾನು ಏನನ್ನು ಹೇಳುತ್ತಿದ್ದೇನೆಂಬ ಅರಿವು ಮನುಷ್ಯನಿಗೆ ಇರಬೇಕೆಂಬುದು. ನೀರಿನೊಳಗೆ ಮಾತಿಲ್ಲ, ಕೈಸನ್ನೆಯೇ ಮಾತು. ಹೆಬ್ಬೆರಳನ್ನು ಮೇಲೆತ್ತಿದರೆ ನಮ್ಮೂರಲ್ಲಿ 'ಚೆನ್ನಾಗಿದೆ' ಎಂದರ್ಥ; ಡೈವಿಂಗಿನಲ್ಲಿ 'ನಾನು ಮೇಲಕ್ಕೆ ಹೋಗಬೇಕು' ಎಂದರ್ಥ. 'ಚೆನ್ನಾಗಿದೆ' ಎನ್ನಲು ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ ಉಂಗುರ ಮಾಡಬೇಕು. ಅರ್ಧ ಗಂಟೆಯ ಹಿಂದೆ ಕಲಿತ ಈ ಭಾಷೆಯಲ್ಲಿ ತಾನೇನು ಹೇಳುತ್ತಿದ್ದೇನೆಂದು ತಿಳಿಯದವನು ತನ್ನ ಜೀವವನ್ನು ಮಾತ್ರವಲ್ಲ, ಅವನ ಸನ್ನೆಯನ್ನು ನಂಬಿದವನ ಜೀವವನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತಾನೆ.

ದೇಹದ ಮೇಲಾಗುವ ಪರಿಣಾಮಗಳೂ ಕಡಿಮೆಯೇನಲ್ಲ. ಮದ್ಯವು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಬಸಿಯುತ್ತದೆ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈ ಬಿಸಿಯಾದಂತೆ ಭ್ರಮೆ ಹುಟ್ಟಿಸುತ್ತದೆ. ನಿಜದಲ್ಲಿ ಶಾಖವು ಹೊರಗೆ ಸೋರುತ್ತಿರುತ್ತದೆ. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಸೆಳೆಯುತ್ತದೆ. ಮೂಗಿನೊಳಗಿನ ಪೊರೆ ಊದಿಕೊಂಡು ಕಿವಿಯ ಒತ್ತಡವನ್ನು ಸರಿದೂಗಿಸುವುದು ಕಷ್ಟವಾಗುತ್ತದೆ. ಒಳಗಿವಿಯ ದ್ರವದ ಸಾಂದ್ರತೆಯನ್ನು ಮದ್ಯವು ಏರುಪೇರು ಮಾಡುವುದರಿಂದ ತಲೆಸುತ್ತು ಬರುತ್ತದೆ. ನೀರಿನೊಳಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯದಿರುವುದು ನೆಲದ ಮೇಲಿನ ತಲೆಸುತ್ತಿನಂತಲ್ಲ. ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡಿರುವಾಗ ವಾಂತಿಯಾದರೆ ಏನು ಗತಿಯೆಂದು ಓದುಗರೇ ಊಹಿಸಿಕೊಳ್ಳಲಿ. ಇನ್ನು ಕಡಲ ವಾಕರಿಕೆಗೆ ಕೊಡುವ ಸಾಮಾನ್ಯ ಮಾತ್ರೆಗಳಲ್ಲಿ ಹಲವು ಸ್ವತಃ ಮಂಪರು ತರುವಂಥವು. ಹೊಟ್ಟೆಯಲ್ಲಿ ಮದ್ಯವಿದ್ದರೆ ಆ ಮಂಪರು ಇಮ್ಮಡಿಸುತ್ತದೆ. ನನ್ನ ಅಣ್ಣನ ಮಗ ಬಾಯಿ ತೆರೆದದ್ದು ಆ ಮಾತ್ರೆ ಕೊಡುವ ಮುನ್ನ. ಅವನಿಗೆ ಇದಾವುದೂ ತಿಳಿದಿರಲಿಲ್ಲ.

ಆಳದಲ್ಲಿ ಇನ್ನೊಂದು ಸಂಗತಿಯಿದೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ಒತ್ತಡ ಹೆಚ್ಚಾದಂತೆ ಅದು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತ ಹೋಗುತ್ತದೆ. ಸುಮಾರು 30 ಮೀಟರ್ ದಾಟಿದ ಮೇಲೆ ಅದೇ ಸಾರಜನಕವು ಕುಡಿದವನಂತೆ ಅಮಲೇರಿಸುತ್ತದೆ. ಒಂದು ತೊಟ್ಟೂ ಕುಡಿಯದವನು ಅಲ್ಲಿ ಕಾರಣವಿಲ್ಲದೆ ನಗಬಹುದು, ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೆಂದು ನೋಡುವುದನ್ನೇ ಮರೆಯಬಹುದು. 1943ರಲ್ಲಿ ಎಮಿಲ್ ಗಾನ್ಯಾನರೊಡನೆ ಸೇರಿ ಇಂದಿನ ಸ್ಕೂಬಾ ಉಪಕರಣಕ್ಕೆ ರೂಪ ಕೊಟ್ಟ ಫ್ರಾನ್ಸಿನ ಝಾಕ್ ಕುಸ್ತೋ ಈ ಅಮಲಿನ ಕುರಿತು ವಿವರವಾಗಿ ಬರೆದಿದ್ದಾರೆ. ಮದ್ಯದ ಮೇಲೆ ಈ ಅಮಲೂ ಸೇರಿದರೆ ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ನೇತ್ರಾಣಿಯಲ್ಲಿ ಮೊದಲ ಬಾರಿಗೆ ಇಳಿಯುವವರು ಅಷ್ಟು ಆಳಕ್ಕೆ ಹೋಗುವುದಿಲ್ಲ, ನಿಜ. ತರಬೇತಿ ಪಡೆದು ಮುಂದುವರಿಯುವವರು ಮಾತ್ರ ಇದನ್ನು ಮರೆಯಬಾರದು.

ಕರಗಿದ ಆ ಸಾರಜನಕ ಮೇಲಕ್ಕೆ ಬರುವಾಗ ನಿಧಾನವಾಗಿ ಹೊರಹೋಗಬೇಕು. ಆತುರಪಟ್ಟರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆಯೇಳುತ್ತದೆ. ಕೀಲುನೋವು, ವಿಪರೀತ ಆಯಾಸ, ತಲೆನೋವು, ಕೈಕಾಲು ಮರಗಟ್ಟುವಿಕೆ, ಕೆಲವೊಮ್ಮೆ ಪಾರ್ಶ್ವವಾಯು. ಮದ್ಯವೇ ನೇರವಾಗಿ ಈ ಗುಳ್ಳೆಗಳನ್ನು ಹೆಚ್ಚಿಸುತ್ತದೆಯೇ ಎಂಬುದರಲ್ಲಿ ವೈದ್ಯವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮದ್ಯವನ್ನು ವಿರೋಧಿಸುವ ಉತ್ಸಾಹದಲ್ಲಿ ಸಾಬೀತಾಗದ ಮಾತನ್ನು ಸಾಬೀತಾದಂತೆ ಹೇಳುವುದು ನಮಗೆ ಶೋಭಿಸುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ತಲೆನೋವು, ವಾಕರಿಕೆ, ಆಯಾಸ ಇವೆಲ್ಲ ಹಿಂದಿನ ರಾತ್ರಿ ಕುಡಿದವನ ಬೆಳಗಿನ ಲಕ್ಷಣಗಳೂ ಹೌದು. 'ಇಳಿಯದ ನಶೆ, ಮಲಗಿದರೆ ಸರಿಹೋಗುತ್ತದೆ' ಎಂದು ಗೆಳೆಯರು ಮಲಗಿಸಿಬಿಡುತ್ತಾರೆ. ಆಮ್ಲಜನಕ ಕೊಟ್ಟು, ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಸಾಗಿಸಬೇಕಾದ ಗಂಟೆಗಳು ಆ ನಿದ್ದೆಯಲ್ಲಿ ಕಳೆದುಹೋಗುತ್ತವೆ. ಅಂಥ ಕೋಣೆ ತಾಲೂಕು ಆಸ್ಪತ್ರೆಗಳಲ್ಲಿ ಇರುವಂಥದ್ದಲ್ಲ. ಡೈವಿಂಗ್ ಮುಗಿದ ಮೇಲೆ ಸಂಭ್ರಮಕ್ಕೆಂದು ಕುಡಿಯುವವರಿಗೂ ಇದೇ ಅಪಾಯವಿದೆ. ಇಳಿಯುವ ಮುನ್ನವಷ್ಟೇ ಎಚ್ಚರ ಸಾಕೆನ್ನುವುದು ತಪ್ಪು ತಿಳಿವಳಿಕೆ.

'ರಾತ್ರಿ ಕುಡಿದದ್ದು ಬೆಳಿಗ್ಗೆ ಇಳಿದಿರುತ್ತದೆ' ಎಂಬ ಮಾತನ್ನು ಆ ಗುಂಪಿನವರೂ ಹೇಳಿದರಂತೆ. ಈ ಪುಟದಲ್ಲಿ ಇಂಥ ಲೆಕ್ಕ ಬರೆಯಲು ಮುಜುಗರವಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಕಡೆ 'ಕ್ವಾರ್ಟರ್' ಎನ್ನುವ 180 ಮಿಲಿಲೀಟರಿನ ವಿಸ್ಕಿಯಲ್ಲಿ ಶೇಕಡಾ 42.8 ಮದ್ಯಸಾರವೆಂದರೆ ತೂಕದಲ್ಲಿ ಸುಮಾರು 60 ಗ್ರಾಂ. ಸಾಧಾರಣ ಮೈಕಟ್ಟಿನವನ ಯಕೃತ್ತು ಗಂಟೆಗೆ ಅಂದಾಜು 7 ಗ್ರಾಂ ಮಾತ್ರ ಕರಗಿಸಬಲ್ಲದು. ಹಾಗಾದರೆ ಪೂರ್ತಿ ಇಳಿಯಲು ಎಂಟು ಗಂಟೆಗೂ ಹೆಚ್ಚು ಬೇಕು. ನಡುರಾತ್ರಿ ಮುಗಿಸಿದವನು ಬೆಳಿಗ್ಗೆ ಏಳಕ್ಕೆ ದೋಣಿ ಹತ್ತಿದರೆ ಅಮಲನ್ನು ಹೊತ್ತುಕೊಂಡೇ ಹತ್ತಿದಂತೆ. ಚಹಾ, ಕಾಫಿ, ತಣ್ಣೀರ ಸ್ನಾನ, ಲಿಂಬೆಹಣ್ಣು ಯಾವುದೂ ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದಿಲ್ಲ. ಅಮಲು ಇಳಿದ ಮೇಲೂ ನಿದ್ದೆಗೇಡು, ಮೈಯಲ್ಲಿ ನೀರಿನ ಕೊರತೆ ಉಳಿದಿರುತ್ತದೆ. ನಮ್ಮ ದೇಶದಲ್ಲಿ ವಿಮಾನ ನಡೆಸುವವರು ಹಾರಾಟಕ್ಕೆ ಮುನ್ನ 12 ಗಂಟೆ ಮದ್ಯ ಮುಟ್ಟುವಂತಿಲ್ಲ. ಜಾಗರೂಕರಾದ ಡೈವಿಂಗ್ ತರಬೇತುದಾರರು 24 ಗಂಟೆ ಎನ್ನುತ್ತಾರೆ. ಕಡಲಿನಲ್ಲೇ ದಿನಗಟ್ಟಲೆ ಉಳಿಯುವ ಡೈವಿಂಗ್ ಹಡಗುಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮವಿರುತ್ತದೆ: ಯಾರು ಮೊದಲ ಲೋಟ ಎತ್ತಿದರೋ ಅವರಿಗೆ ಅಂದಿನ ಡೈವಿಂಗ್ ಮುಗಿಯಿತು. ಆ ಹಡಗುಗಳನ್ನು ನಡೆಸುವವರು ಮದ್ಯವನ್ನು ನಿಷಿದ್ಧವೆಂದು ನಂಬಿದವರಲ್ಲ. ಅನುಭವದಿಂದ ಅಷ್ಟನ್ನು ಕಲಿತಿದ್ದಾರೆ.

ಸ್ಕೂಬಾ ಎಂದರೆ ಮದ್ಯ, ಮೋಜು, ಶ್ರೀಮಂತರ ಖಯಾಲಿ, ನಮ್ಮ ಮಕ್ಕಳಿಗೆ ಅದೇಕೆ ಎಂಬ ಮಾತನ್ನೂ ಕೇಳಿದ್ದೇನೆ. ಇದನ್ನು ನಾನು ಒಪ್ಪುವುದಿಲ್ಲ. ತಾಜಾ ಮಾಂಸಕ್ಕಾಗಿಯೂ ತೊಡುವ ಆಭರಣಕ್ಕಾಗಿಯೂ ಕಡಲನ್ನು ಮನುಷ್ಯನಿಗೆ ಅಧೀನಗೊಳಿಸಿದುದನ್ನು ಅನ್ನಹ್ಲ್ ಅಧ್ಯಾಯದ 14ನೇ ವಚನವು ಅನುಗ್ರಹವಾಗಿ ನೆನಪಿಸುತ್ತದೆ. ಬಹರೈನ್, ಕುವೈತ್‌ಗಳ ಮುತ್ತು ತೆಗೆಯುವವರು ಶತಮಾನಗಳ ಕಾಲ ಮೂಗಿಗೆ ಚಿಮಟ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ತಳಕ್ಕಿಳಿದವರು. ತೈಲ ಸಿಗುವ ಮುನ್ನ ಆ ನಾಡುಗಳ ಅನ್ನ ಅವರ ಉಸಿರಿನ ಮೇಲೆ ನಿಂತಿತ್ತು. ಇಂದಿಗೂ ಜಗತ್ತಿನ ಡೈವರುಗಳು ಹಂಬಲಿಸುವ ಮಾಲ್ದೀವ್ಸಿನಲ್ಲಿ ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ವಿದೇಶಿ ಪ್ರವಾಸಿಗರ ರೆಸಾರ್ಟು ಹಾಗೂ ಹಡಗುಗಳಲ್ಲಿ ಮಾತ್ರ ಅನುಮತಿ. ನಮ್ಮ ಲಕ್ಷದ್ವೀಪದಲ್ಲಿಯೂ ಬಂಗಾರಂ ದ್ವೀಪವೊಂದನ್ನು ಬಿಟ್ಟು ಉಳಿದೆಡೆ ಬಹುಕಾಲ ಪಾನನಿಷೇಧವಿತ್ತು. ಹವಳದ ನಡುವೆ ಈಜಲು ಮದ್ಯ ಬೇಕೆಂದು ಆ ದ್ವೀಪವಾಸಿಗಳಿಗೆ ಯಾರೂ ಹೇಳಿಕೊಟ್ಟಂತಿಲ್ಲ.

ಈಗ ಅಣ್ಣನ ಮಗನ ಪ್ರಶ್ನೆ.

ಒಬ್ಬ ಮುಸ್ಲಿಮನ ಕುಂದನ್ನು ಮರೆಮಾಚಿದವನ ಕುಂದನ್ನು ಅಲ್ಲಾಹನು ಮರೆಮಾಚುವನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇದು ದೊಡ್ಡ ಮಾತು. ಇಂದಿನ ಮೊಬೈಲ್ ಕಾಲದಲ್ಲಿ ಇನ್ನೂ ದೊಡ್ಡದು. ಕುಡಿದವನ ವೀಡಿಯೋ ತೆಗೆದು ಗುಂಪಿನಲ್ಲಿ ಹರಿಯಬಿಡುವವರಿಗೆ ಈ ಹದೀಸ್ ನೇರವಾಗಿ ಅನ್ವಯಿಸುತ್ತದೆ. ಆದರೆ ಅದೇ ಪ್ರವಾದಿವರ್ಯರು(ಸ) ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿರುವ, ಬುಖಾರಿಯಲ್ಲಿರುವ ಒಂದು ಉಪಮೆಯಲ್ಲಿ ಹಡಗಿನ ಮಾತನ್ನಾಡಿದ್ದಾರೆ. ಚೀಟಿ ಎತ್ತಿ ಕೆಲವರು ಮೇಲಂತಸ್ತಿನಲ್ಲಿಯೂ ಕೆಲವರು ಕೆಳಂತಸ್ತಿನಲ್ಲಿಯೂ ಸ್ಥಳ ಪಡೆಯುತ್ತಾರೆ. ನೀರಿಗಾಗಿ ಮತ್ತೆ ಮತ್ತೆ ಮೇಲಕ್ಕೆ ಹೋಗಿ ಮೇಲಿನವರಿಗೆ ತೊಂದರೆ ಕೊಡುವುದೇಕೆಂದು ಕೆಳಗಿನವರು ತಮ್ಮ ಪಾಲಿನ ಜಾಗದಲ್ಲಿಯೇ ತೂತು ಕೊರೆಯಲು ಹೊರಡುತ್ತಾರೆ. ಅವರ ಪಾಲಿನ ಜಾಗ, ಅವರ ಇಚ್ಛೆ ಎಂದು ಮೇಲಿನವರು ಬಿಟ್ಟರೆ ಎಲ್ಲರೂ ಮುಳುಗುತ್ತಾರೆ. ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ನೇತ್ರಾಣಿಗೆ ಹೋಗುತ್ತಿದ್ದ ಆ ದೋಣಿಯಲ್ಲಿ ಕುಳಿತ ಐವರಿಗೆ ಇದಕ್ಕಿಂತ ಹೊಂದುವ ಪಾಠ ಯಾವುದಿದೆ?

ಡೈವಿಂಗಿನಲ್ಲಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನಿರುತ್ತಾನೆ. ನನ್ನ ಗಾಳಿ ಮುಗಿದರೆ ಅವನ ಸಿಲಿಂಡರಿನ ಎರಡನೆಯ ಕೊಳವೆಯಿಂದ ನಾನು ಉಸಿರಾಡಬೇಕು. ಅವನಿಗೆ ಗಾಬರಿಯಾದರೆ ನಾನು ಹಿಡಿಯಬೇಕು. ಮೊದಲ ಬಾರಿಗೆ ಇಳಿಯುವವರಿಗೆ ತರಬೇತುದಾರನೇ ಆ ಜೊತೆಗಾರ. ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಅವನ ಧರ್ಮ ಯಾವುದಾದರೂ ಆಗಿರಲಿ, ಸುಳ್ಳು ಸಹಿಯನ್ನು ನಂಬಿ ನಮ್ಮ ಹುಡುಗನ ಕೈಹಿಡಿದು ನೀರಿಗೆ ಇಳಿಯುವವನು ಅವನು. ಅವನಿಗೆ ಸತ್ಯ ತಿಳಿಯುವ ಹಕ್ಕಿದೆ. ಪರನಿಂದೆಗೆ ವಿನಾಯಿತಿಯಿರುವ ಆರು ಸಂದರ್ಭಗಳನ್ನು ಇಮಾಮ್ ನವವಿಯವರು ಎಣಿಸಿದ್ದಾರೆ. ಕೆಡುಕಿನ ಬಗ್ಗೆ ಜನರನ್ನು ಎಚ್ಚರಿಸುವುದು ಅವುಗಳಲ್ಲೊಂದು. ಹುಡುಗನು ಕುಡಿದದ್ದು ಅವನ ಮತ್ತು ಅವನ ಪ್ರಭುವಿನ ನಡುವಿನ ಸಂಗತಿಯಾಗಿ ಕೋಣೆಯಲ್ಲಿ ಮುಗಿದಿದ್ದರೆ ಮರೆಮಾಚುವುದೇ ಸರಿ. ಸಿಲಿಂಡರ್ ಬೆನ್ನಿಗೇರಿಸಿಕೊಂಡ ಕ್ಷಣದಿಂದ ಅದು ಅವನೊಬ್ಬನ ಸಂಗತಿಯಾಗಿ ಉಳಿಯಲಿಲ್ಲ.

ಹಾಗಾದರೆ ಅಣ್ಣನ ಮಗನದು ಏನೂ ತಪ್ಪಿಲ್ಲವೇ? ಇದೆ, ಮತ್ತು ಅದನ್ನು ಅವನಿಗೆ ಹೇಳಿದ್ದೇನೆ. ದೋಣಿಯಲ್ಲಿ ಎಲ್ಲರೆದುರು ಹೇಳುವ ಬದಲು ಬೆಳಿಗ್ಗೆ ಕೋಣೆಯಲ್ಲಿಯೇ ಗೆಳೆಯನ ಹೆಗಲ ಮೇಲೆ ಕೈಯಿಟ್ಟು, "ಇವತ್ತು ನೀನು ಇಳಿಯಬೇಡ, ನಿನ್ನ ಜೊತೆ ನಾನೂ ದಡದಲ್ಲಿ ಉಳಿಯುತ್ತೇನೆ" ಎನ್ನಬಹುದಿತ್ತು. ಕೇಳದಿದ್ದರೆ ತರಬೇತುದಾರನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಕಟ್ಟಿದ ಹಣ ಹೋಗುತ್ತಿತ್ತು. ಆದರೆ ತಡವಾಗಿ ಹೇಳಿದ್ದು ಹೇಳದೆ ಇದ್ದುದಕ್ಕಿಂತ ಸಾವಿರ ಪಾಲು ಮೇಲು. ಉಳಿದ ನಾಲ್ವರು ಇಂದಿಗೂ ತಮ್ಮ ಮೌನವನ್ನು ಮರ್ಯಾದೆಯೆಂದೇ ಕರೆಯುತ್ತಿದ್ದಾರೆ. ನನಗೆ ಕುಡಿದವನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟಿದೆ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು.

ಆ ಹುಡುಗನು ಅರ್ಜಿಯಲ್ಲಿ 'ಇಲ್ಲ' ಎಂದು ಏಕೆ ಬರೆದನು? ಇದನ್ನು ಪಾಲಕರು ನಿಧಾನವಾಗಿ ಯೋಚಿಸಬೇಕು. ಅವನ ಪಕ್ಕದಲ್ಲಿ ಬೇರೆ ಊರಿನಿಂದ ಬಂದಿದ್ದ, ಮದ್ಯವನ್ನು ಪಾಪವೆಂದು ಎಣಿಸದ ಮನೆಯ ಯುವಕನೊಬ್ಬನಿದ್ದಿದ್ದರೆ ಅವನು ನಗುತ್ತಲೇ 'ಹೌದು, ರಾತ್ರಿ ಕುಡಿದಿದ್ದೆ' ಎಂದು ಬರೆದು ದಡದಲ್ಲಿ ಉಳಿಯುತ್ತಿದ್ದನೋ ಏನೋ. ನಮ್ಮ ಹುಡುಗನಿಗೆ ಆ ಒಂದು ಅಕ್ಷರ ಬರೆಯುವುದು ಮನೆ, ಮಸೀದಿ, ಮದುವೆಯ ಮಾತುಕತೆ ಎಲ್ಲವನ್ನೂ ಕಳೆದುಕೊಂಡಂತೆ ಕಂಡಿತು. ಪಾಪದ ಬಗ್ಗೆ ನಾಚಿಕೆ ಇರಬೇಕಾದದ್ದೇ. ಹಯಾ ಈಮಾನಿನ ಭಾಗ. ಆದರೆ ಮನುಷ್ಯರ ಭಯವು ಜೀವ ಉಳಿಸುವ ಸತ್ಯವನ್ನೂ ನುಂಗುವಷ್ಟು ಬೆಳೆದಿದ್ದರೆ ಅಲ್ಲಿ ನಮ್ಮ ಸಾಕಣೆಯಲ್ಲಿ ಏನೋ ಎಡವಟ್ಟಾಗಿದೆ. ನಿಮ್ಮ ಕೈಗಳಿಂದಲೇ ನಿಮ್ಮನ್ನು ವಿನಾಶಕ್ಕೆ ದೂಡಿಕೊಳ್ಳಬೇಡಿ ಎಂಬ ಅರ್ಥದ ಅಲ್ ಬಕರದ 195ನೇ ವಚನವನ್ನು ದಾನಧರ್ಮದ ಸಂದರ್ಭದಲ್ಲಿ ಓದುವ ನಮ್ಮ ಉಲಮಾಗಳು ಜೀವರಕ್ಷಣೆಯ ವಿಷಯಕ್ಕೂ ಅದನ್ನು ಅನ್ವಯಿಸಿದ್ದಾರೆ. ಷರೀಅತ್ ಕಾಪಾಡಬಯಸುವ ಐದು ಸಂಗತಿಗಳೆಂದು ಇಮಾಮ್ ಗಝ್ಝಾಲಿಯವರು ಹೇಳಿದ ಧರ್ಮ, ಜೀವ, ಬುದ್ಧಿ, ವಂಶ, ಸಂಪತ್ತುಗಳಲ್ಲಿ ಬುದ್ಧಿ ಹೋದ ಮೇಲೆ ಜೀವವನ್ನಾದರೂ ಉಳಿಸಿಕೊಳ್ಳಲು ದಾರಿಯಿರಬೇಕಲ್ಲವೇ? ಪ್ರವಾಸಕ್ಕೆ ಹೊರಟ ಮಗನ ಚೀಲ ತಪಾಸಿಸುವ ತಂದೆ, "ಬೇಟಾ, ಏನೇ ತಪ್ಪು ನಡೆದಿದ್ದರೂ ನೀರಿಗಿಳಿಯುವ ಮುನ್ನ, ಗಾಡಿ ಹತ್ತುವ ಮುನ್ನ ಒಂದು ಫೋನ್ ಮಾಡು, ಅವತ್ತು ಬೈಯುವುದಿಲ್ಲ" ಎಂದೂ ಹೇಳಲಿ. ಬೈಯುವುದಕ್ಕೆ ಮರುದಿನ ಇದ್ದೇ ಇದೆ.

ಗಾಂಜಾ, ನಿದ್ದೆಮಾತ್ರೆ, ಅಮಲಿಗಾಗಿ ಕುಡಿಯುವ ಕೆಮ್ಮಿನ ಔಷಧ ಇವೆಲ್ಲಕ್ಕೂ ಇದೇ ಮಾತು. ಅಮಲು ತರುವುದೆಲ್ಲವೂ ಖಮ್ರ್ ಎಂಬ ಪ್ರವಾದಿ ವಚನದ ಮುಂದೆ 'ಇದು ಮದ್ಯವಲ್ಲ' ಎಂಬ ವಾದ ನಿಲ್ಲುವುದಿಲ್ಲ. ನೀರಿನ ಮುಂದೆಯೂ ನಿಲ್ಲುವುದಿಲ್ಲ. ಪ್ರಸ್ತಾಪ ಬಂದುದರಿಂದ ಹೇಳುತ್ತೇನೆ, ಉಪವಾಸವಿದ್ದು ಡೈವಿಂಗ್ ಮಾಡುವುದೂ ಜಾಣತನವಲ್ಲ. ಮೈಯಲ್ಲಿ ನೀರಿಲ್ಲದೆ ಇಳಿಯಬಾರದು. ರಂಝಾನ್ ಮುಗಿಯುವವರೆಗೆ ಕಡಲು ಎಲ್ಲಿಗೂ ಹೋಗುವುದಿಲ್ಲ.

ಹಿಂದಿರುಗುವ ದಾರಿಯ ಬಗೆಗೂ ನಮ್ಮ ಭಾಗದವರಿಗೆ ಒಂದು ಮಾತು ಹೇಳಬೇಕು. ಡೈವಿಂಗ್ ಮಾಡಿದವರು ಒಂದೇ ಬಾರಿ ಇಳಿದಿದ್ದರೆ 12 ಗಂಟೆ, ಹಲವು ಬಾರಿ ಇಳಿದಿದ್ದರೆ 18 ಗಂಟೆ ಕಳೆಯದೆ ವಿಮಾನ ಹತ್ತಬಾರದೆಂಬುದು ಪ್ರಸಿದ್ಧ ಸಲಹೆ. ನಾವು ವಿಮಾನ ಹತ್ತುವುದಿಲ್ಲ, ಘಟ್ಟ ಹತ್ತುತ್ತೇವೆ. ಆ ಸಲಹೆ ಅನ್ವಯವಾಗುವುದು ಸುಮಾರು 600 ಮೀಟರ್ ಎತ್ತರದಿಂದ ಮೇಲಕ್ಕೆ. ದೇವಿಮನೆ ಘಟ್ಟ ಏರಿ ಶಿರಸಿ ತಲುಪಿದರೆ ಹೆಚ್ಚು ಕಡಿಮೆ ಆ ಗೆರೆಯ ಅಂಚಿನಲ್ಲಿಯೇ ಇರುತ್ತೇವೆ. ಕಡಿಮೆ ಆಳದಲ್ಲಿ ಅರ್ಧ ಗಂಟೆ ಇಳಿದು ಬಂದವನು ಹೆದರಬೇಕಾಗಿಲ್ಲ. ಎರಡು ಮೂರು ಬಾರಿ ಇಳಿದವನು ಆ ರಾತ್ರಿ ಕಡಲ ತೀರದಲ್ಲಿ ತಂಗಿ, ನೀರು ಚೆನ್ನಾಗಿ ಕುಡಿದು, ಮರುದಿನ ಹೊರಡುವುದು ಒಳ್ಳೆಯದು. ಹಿರೇಕೆರೂರಿನವರು ಸಾಗರ, ಸೊರಬ, ಶಿರಾಳಕೊಪ್ಪದ ದಾರಿ ಹಿಡಿದರೂ ಘಟ್ಟ ತಪ್ಪಿದ್ದಲ್ಲ. ರಾತ್ರಿ ಆ ತಿರುವುಗಳಲ್ಲಿ ಗಾಡಿ ನಡೆಸುವವನು ಕುಡಿದಿದ್ದರೆ ಏನಾಗುತ್ತದೆಂದು ನಾನು ಬರೆಯಬೇಕಾಗಿಲ್ಲ.

ನಾಲ್ಕು ತಾಲೂಕುಗಳ ನಮ್ಮ ಹುಡುಗರಲ್ಲಿ ನೇತ್ರಾಣಿಗೆ ಹೋಗುವವರು ಬೆರಳೆಣಿಕೆಯವರು. ಮನೆಯ ಹತ್ತಿರದ ನೀರಿಗೆ ಇಳಿಯುವವರು ನೂರಾರು. ಸವಣೂರಿನ ಮೋತಿ ತಲಾಬ್, ಹಾನಗಲ್ಲಿನ ಆನೆಕೆರೆ, ವರದಾ ನದಿಯ ಮಡುಗಳು, ಹಿರೇಕೆರೂರು ಕಡೆಯ ಮದಗ ಮಾಸೂರು ಕೆರೆ ಮತ್ತು ಅದರ ಬುಡದ ಜಲಪಾತ. ಅಲ್ಲಿ ಸಿಲಿಂಡರಿಲ್ಲ, ಅರ್ಜಿಯಿಲ್ಲ, ತರಬೇತುದಾರನೂ ಇಲ್ಲ. ಭಾನುವಾರ ದಡದ ಮೇಲೆ ಬಿದ್ದಿರುವ ಖಾಲಿ ಬಾಟಲಿಗಳನ್ನು ನೋಡಿದವರಿಗೆ ವಿವರಣೆ ಬೇಕಿಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನೀರಿನ ಬಳಿ ಮದ್ಯ ಸೇವಿಸುವುದನ್ನು ಅದು ಅಪಾಯದ ಕಾರಣಗಳಲ್ಲಿ ಸೇರಿಸಿದೆ. ಕಡಲಿನ ಆಳದ ಕುರಿತು ಮೇಲೆ ಬರೆದ ಒತ್ತಡ, ಸಾರಜನಕಗಳ ಮಾತು ಈ ಕೆರೆಗಳಿಗೆ ಅನ್ವಯಿಸದು. ಮಂಕಾದ ಬುದ್ಧಿ ಮತ್ತು ಸುಮ್ಮನಿರುವ ಗೆಳೆಯರ ಮಾತು ಅಕ್ಷರಶಃ ಅನ್ವಯಿಸುತ್ತದೆ. ನೀರಿನಲ್ಲಿ ಮುಳುಗಿ ಮಡಿದವನಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಹದೀಸಿನಲ್ಲಿ ಬಂದಿರುವುದನ್ನು ಸಾಂತ್ವನಕ್ಕಾಗಿ ಹೇಳುವ ಮನೆಗಳಿಗೆ ನಾನೂ ಹೋಗಿ ಕುಳಿತಿದ್ದೇನೆ. ಆ ಸಾಂತ್ವನದ ಮಾತು ಕೇಳುತ್ತ ತಲೆತಗ್ಗಿಸಿ ಕುಳಿತ ಗೆಳೆಯರ ಮುಖಗಳನ್ನೂ ನೋಡಿದ್ದೇನೆ.

ಅಣ್ಣನ ಮಗನು ಮೊನ್ನೆ ಜುಮಾ ನಮಾಝ್ ಮುಗಿದ ಮೇಲೆ ಶಿಗ್ಗಾಂವಿಗೆ ಹೋಗಿ ಆ ಗೆಳೆಯನ ಮನೆಯ ಬಾಗಿಲು ತಟ್ಟಿದನಂತೆ. ಗೆಳೆಯ ಹೊರಗೆ ಬರಲಿಲ್ಲ. ಅವನ ತಾಯಿ ಬಂದು, ವಿಷಯವೇನೆಂದು ತಿಳಿಯದೆ, ಚಹಾ ಕೊಟ್ಟು ಕಳಿಸಿದರಂತೆ. ಇವನೂ ಅವರಿಗೆ ಏನನ್ನೂ ಹೇಳಿಲ್ಲ. ಅಲ್ಲಿ ಮರೆಮಾಚುವುದೇ ಸರಿಯೆಂದು ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ನೇತ್ರಾಣಿಗೆ ಹೋಗುವ ಯೋಚನೆ ಹುಡುಗರಿಗಿದೆ. ಈ ಬಾರಿ ಆರರ ಬದಲು ಏಳು ಜನರ ಲೆಕ್ಕ ಹಾಕಲು ಹೇಳಿದ್ದೇನೆ. ನನಗೆ ರಕ್ತದೊತ್ತಡವಿದೆ, ಅರ್ಜಿಯಲ್ಲಿ ಹಾಗೆಂದೇ ಬರೆದು ದೋಣಿಯಲ್ಲಿಯೇ ಕುಳಿತಿರುತ್ತೇನೆ.